ಜೀಪಿನ ಜಾಡು, ಮಳೆಯ ನೀರು

ಚಿಕ್ಕಮಗಳೂರಿನ ಅತ್ತಿಗುಂಡಿ ಕಡೆ ನಾನು ವರ್ಷಕ್ಕೆ ಒಂದೆರಡು ಸಲ ನಡೆಯುವ ತೋಟದ ದಾರಿಯೊಂದಿದೆ. ಅದರ ಮೂರನೇ ತಿರುವಿನಲ್ಲಿ ಒಂದು ಸಿಲ್ವರ್ ಓಕ್ ಮರ. ಮೊದಲು ಅದರ ಬೇರು ಕಾಣುತ್ತಿರಲಿಲ್ಲ. ಈಗ ತೋಳು ದಪ್ಪದ ಬೇರು ಸಿಪ್ಪೆ ಸುಲಿಸಿಕೊಂಡು ದಾರಿಗೆ ಅಡ್ಡ ಎದ್ದು ನಿಂತಿದೆ. ಪಕ್ಕದ ಕೊರಕಲಿಗೆ ಇಳಿದರೆ ಮೊಣಕಾಲು ಮುಳುಗುತ್ತದೆ.

ಮಳೆಯೇ ಕಾರಣ ಎಂದುಬಿಡಬಹುದು. ಆದರೆ ಇಲ್ಲಿ ಮಳೆ ಹಿಂದೆಯೂ ಹೀಗೇ ಹೊಯ್ಯುತ್ತಿತ್ತು. ಬದಲಾಗಿದ್ದು ಗಾಡಿ.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ 60 ಅಶ್ವಶಕ್ತಿ, ಎಡ ಬಲ ಚಕ್ರಗಳ ನಡುವೆ 49 ಇಂಚು. ನಮ್ಮ ಹಳೆಯ ತೋಟದ ದಾರಿಗಳಲ್ಲಿ ಓಡಾಡಿದ್ದು ಆ ವಂಶದ ಜೀಪುಗಳೇ. 2020ರಲ್ಲಿ ಬಂದ ಮಹೀಂದ್ರದ ಹೊಸ ಥಾರ್ ಜೀಪಿನ ಡೀಸೆಲ್ ಎಂಜಿನ್‌ಗೆ 130 ಅಶ್ವಶಕ್ತಿ, ಚಕ್ರಗಳ ನಡುವೆ ಸುಮಾರು 60 ಇಂಚು. ವಿಲ್ಲಿಸ್ ಅಳತೆಯ ಜಾಡಿನಲ್ಲಿ ಇದರ ಚಕ್ರ ಕೂರುವುದಿಲ್ಲ. ಎರಡೂ ಬದಿಗೆ ಐದೈದು ಇಂಚು ಆಚೆ, ಹುಲ್ಲು ಹಿಡಿದಿಟ್ಟ ಅಂಚಿನ ಮೇಲೇ ಬೀಳುತ್ತದೆ. ಅಂಚು ಕುಸಿಯಿತೆಂದರೆ ದಾರಿ ಅಗಲವಾಯಿತು.

ಚಕ್ರ ಮುಂದೆ ಹೋಗುವುದು ಮಣ್ಣನ್ನು ಹಿಂದಕ್ಕೆ ಒತ್ತಿ. ಮಣ್ಣು ತಾಳುವಷ್ಟೇ ಒತ್ತಿದರೆ ಗಾಡಿ ಏರುತ್ತದೆ. ಮಿತಿ ಮೀರಿದರೆ ಮೇಲ್ಪದರ ಹರಿದು ಚಕ್ರ ನಿಂತಲ್ಲೇ ಸುತ್ತುತ್ತದೆ, ಟೈರಿನ ಗಟ್ಟಿ ಹಲ್ಲುಗಳು ಗುದ್ದಲಿಯ ಕೆಲಸ ಮಾಡುತ್ತವೆ. ನೆನೆದ ಕೆಂಪು ಮಣ್ಣಿನಲ್ಲಿ ಕಣಗಳ ನಡುವೆ ತುಂಬಿದ ನೀರೇ ಭಾರದ ಪಾಲು ಹೊರುವುದರಿಂದ ಕಣಕ್ಕೆ ಕಣ ಕಚ್ಚಿಕೊಳ್ಳುವುದು ಕಡಿಮೆ. ಹಾಗಾಗಿ ಆ ಮಿತಿ ಬೇಗ ಮೀರುತ್ತದೆ.

ಇಲ್ಲಿ ಯಂತ್ರದ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರು ಜೋಡಣೆಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತದೆ. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಗಟ್ಟಿ ನೆಲದಲ್ಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ. ಲಾಕ್ ಆಗುವ ಡಿಫರೆನ್ಷಿಯಲ್‌ನಲ್ಲಿ ಎರಡೂ ಒಟ್ಟಿಗೆ ತಿರುಗುವುದರಿಂದ ಲೋ ಗೇರಿನಲ್ಲಿ ನಿಧಾನ ಹತ್ತಿಸುವವರ ಗಾಡಿ ಹಳೆಯ ಜೀಪಿಗಿಂತ ಕಡಿಮೆ ಮಣ್ಣು ಕೆದರಬಲ್ಲದು.

ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಇರುವುದು ಕಾಲದಲ್ಲಿ. ಹಿಂದೆ ಜೂನ್ ಬಂತೆಂದರೆ ಇಂಥ ಏರು ತಾನಾಗಿ ಮುಚ್ಚುತ್ತಿತ್ತು. ತೀರಾ ಅಗತ್ಯವಿದ್ದವರು ಟೈರಿಗೆ ಚೈನ್ ಕಟ್ಟಿ ಹೋಗುತ್ತಿದ್ದರು, ಉಳಿದವರು ವಾಪಸ್. ಆ ಮೂರ್ನಾಲ್ಕು ತಿಂಗಳಲ್ಲಿ ಹುಲ್ಲು ಚಿಗುರಿ ಬೇರು ಬಿಡುತ್ತಿತ್ತು. ಈಗ ಗಾಡಿಗೆ ತಾಕತ್ತಿದೆ, ಮಳೆಯಲ್ಲೇ ಗುಡ್ಡ ನೋಡುವ ಆಸೆಯೂ ಇದೆ. ಮಣ್ಣು ಅತಿ ದುರ್ಬಲವಾಗಿರುವ ತಿಂಗಳಲ್ಲೇ ಅದರ ಮೇಲೆ ಅತಿ ಹೆಚ್ಚು ಚಕ್ರ.

ಮುಂದಿನದ್ದು ನೀರಿನ ಪಾಲು. ಹರಡಿಕೊಂಡು ಇಳಿಯುತ್ತಿದ್ದ ನೀರು ಜಾಡಿಗೆ ಬಿದ್ದೊಡನೆ ಕಾಲುವೆಯಾಗಿ ಓಡುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆ. ಕಲ್ಲು ಸರಿದಲ್ಲಿ ಗುಂಡಿ. ಆಮೇಲೆ ಕಾಫಿ ಮೂಟೆ ಹೊರುವ ಪಿಕಪ್‌ನ ಅಡಿ ತಾಗುತ್ತದೆ, ಅದು ಪಕ್ಕದಲ್ಲಿ ಹೊಸ ದಾರಿ ತುಳಿಯುತ್ತದೆ. ಹಳೆಯದರಲ್ಲಿ ಇನ್ನಷ್ಟು ಎತ್ತರದ ಗಾಡಿಯೇ ಹೋಗಬೇಕು.

ಹೋದ ಮೇ ತಿಂಗಳ ಕೊನೆಗೆ ತೋಟದವರು ಆ ತಿರುವಿನ ಮೇಲ್ಗಡೆ ಓರೆಯಾಗಿ ಅಡ್ಡ ಚರಂಡಿ ತೆಗೆದು, ನೀರನ್ನು ಹುಲ್ಲಿನ ಕಡೆ ತಿರುಗಿಸಿ, ದಾರಿಗೆ ಒಂದು ದಿಮ್ಮಿ ಹಾಕಿದರು. ಆಗಸ್ಟ್‌ನಲ್ಲಿ ಹೋದಾಗ ಕೊರಕಲಿನ ತಳದಲ್ಲಿ ನುಣ್ಣನೆ ಮಣ್ಣು ಕೂತಿತ್ತು. ಓಕ್ ಬೇರಿನ ಬುಡದಲ್ಲಿ ಬೆರಳುದ್ದ ಹುಲ್ಲು.