ಪಿಷ್ಟವೆಂದು ಹೆಸರಿಟ್ಟರು, ಮುಪ್ಪೆಂದು ಕೈಬಿಟ್ಟರು

ಆಲೂಗೆಡ್ಡೆ ಹೋಳಿನ ಮೇಲೆ ಅಯೋಡಿನ್ ಹನಿಸಿ, ನೀಲಿಯಾದರೆ ಪಿಷ್ಟವಿದೆ ಎಂದು ಶಾಲೆಯಲ್ಲಿ ಬರೆದುಕೊಂಡಿದ್ದೇವಲ್ಲ? ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೊ 1854ರಲ್ಲಿ ಮಾಡಿದ್ದೂ ಅದನ್ನೇ. ಅವರ ಮುಂದಿದ್ದದ್ದು ಮಾತ್ರ ಮನುಷ್ಯನ ಅಂಗಾಂಶ. ಬಣ್ಣ ತಿರುಗಿತು. ಪಿಷ್ಟದ ಲ್ಯಾಟಿನ್ ಹೆಸರಿನಿಂದ ‘ಅಮಿಲಾಯ್ಡ್’ ಎಂದು ಕರೆದರು. ಐದೇ ವರ್ಷಗಳಲ್ಲಿ ಫ್ರೀಡ್ರೈಕ್ ಮತ್ತು ಕೆಕುಲೆ ಎಂಬ ವಿಜ್ಞಾನಿಗಳು ಅದು ಪಿಷ್ಟವಲ್ಲ, ಪ್ರೋಟೀನ್ ಜಾತಿಯದು ಎಂದು ತೋರಿಸಿದರು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಅಮಿಲಾಯ್ಡ್ ಎಂದರೆ ತಪ್ಪಾಗಿ ಮಡಚಿಕೊಂಡ ಪ್ರೋಟೀನ್. ಅದು ಎಳೆಎಳೆಯಾಗಿ ಹೃದಯದ ಸ್ನಾಯುಕೋಶಗಳ ನಡುವೆ ತುಂಬಿಕೊಂಡರೆ ಹೃದಯ ಪೆಡಸಾಗುತ್ತದೆ. ರಕ್ತವನ್ನು ಹಿಂಡುವುದಕ್ಕಿಂತ ಮೊದಲು, ತುಂಬಿಸಿಕೊಳ್ಳುವುದೇ ಅದಕ್ಕೆ ಕಷ್ಟ. ಏದುಸಿರು, ಕಾಲುಬಾವು. ಎಕೋದಲ್ಲಿ ಗೋಡೆ ದಪ್ಪಗೆ ಕಾಣುವುದರಿಂದ ಬಿಪಿಯನ್ನು ದೂರುವುದು ಸುಲಭ. ಆದರೆ ಹಲವರ ಇಸಿಜಿಯಲ್ಲಿ ಗೆರೆಗಳು ಕುಗ್ಗಿರುತ್ತವೆ. ಬೆಳೆದದ್ದು ಸ್ನಾಯುವಲ್ಲ, ನಡುವೆ ಸೇರಿದ ಹೂಳು; ಹೂಳು ವಿದ್ಯುತ್ ಹುಟ್ಟಿಸುವುದಿಲ್ಲ.

ಅದನ್ನು ಗುರುತಿಸಲು ನೆರವಾದದ್ದು ಬಟ್ಟೆಗೆ ಹಾಕುವ ಬಣ್ಣ. 1922ರಲ್ಲಿ ವೈದ್ಯ ಬೆನ್‌ಹೋಲ್ಡ್ ಕಾಂಗೋ ರೆಡ್ ಎಂಬ ಆ ಬಣ್ಣ ಬಳಸಿದರು. ಆ ಬಣ್ಣ ಹಿಡಿದ ಅಮಿಲಾಯ್ಡ್ ಧ್ರುವೀಕೃತ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಬಯಾಪ್ಸಿಯಲ್ಲಿ ಇಂದಿಗೂ ಅದೇ ಗುರುತು.

ಹೂಳು ಎಲ್ಲಿಂದ ಬರುತ್ತದೆ? 1971ರಲ್ಲಿ ಸಂಶೋಧಕ ಗ್ಲೆನ್ನರ್ ಒಂದು ಮೂಲ ಹಿಡಿದರು: ಅಸ್ಥಿಮಜ್ಜೆಯ ಕೋಶಗಳು ಹೆರುವ ಪ್ರತಿಕಾಯಗಳ ತುಂಡು. ಇದು ಬೇಗ ಕೊಲ್ಲುವ ಬಗೆ, ತಡಮಾಡುವಂತಿಲ್ಲ. ಇನ್ನೊಂದು, ಯಕೃತ್ತು ತಯಾರಿಸುವ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನ್. ಪೋರ್ಚುಗಲ್‌ನ ಮೀನುಗಾರ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತಿದ್ದ ನರರೋಗವನ್ನು ವೈದ್ಯ ಆಂಡ್ರಾಡೆ 1952ರಲ್ಲಿ ವರ್ಣಿಸಿದ್ದರು. ಅದರ ಹಿಂದಿದ್ದದ್ದೂ ಇದೇ ಪ್ರೋಟೀನ್. ವಂಶವಾಹಿಯಲ್ಲಿ ದೋಷವಿಲ್ಲದವರಲ್ಲಿಯೂ ವಯಸ್ಸಾದಂತೆ ಅದು ಕಳಚಿ ಹೃದಯ ಸೇರಬಹುದು. ಫಿನ್ಲೆಂಡ್‌ನಲ್ಲಿ 85 ದಾಟಿದವರ ಶವಪರೀಕ್ಷೆ ನಡೆಸಿದಾಗ ಸುಮಾರು ನಾಲ್ವರಲ್ಲಿ ಒಬ್ಬರ ಹೃದಯದಲ್ಲಿ ಅದು ಸಿಕ್ಕಿತು. ವೈದ್ಯರು ಇದನ್ನು ಬಹುಕಾಲ ‘ಮುಪ್ಪಿನ ಅಮಿಲಾಯ್ಡ್’ ಎಂದೇ ಕರೆದರು. ಮುಪ್ಪಿಗೆ ಮದ್ದು ಹುಡುಕುವವರು ಯಾರು?

2016ರ ಹೊತ್ತಿಗೆ, ಮೂಳೆ ಸ್ಕ್ಯಾನ್‌ನ ವಿಕಿರಣ ವಸ್ತು ಟ್ರಾನ್ಸ್‌ಥೈರೆಟಿನ್ ಹೂಳು ತುಂಬಿದ ಹೃದಯಕ್ಕೂ ಅಂಟುತ್ತದೆ ಎಂಬುದು ರೋಗಪತ್ತೆಯ ದಾರಿಯಾಯಿತು. ರಕ್ತ, ಮೂತ್ರ ಪರೀಕ್ಷೆಗಳಲ್ಲಿ ಪ್ರತಿಕಾಯದ ತುಂಡಿನ ಬಗೆಯ ಸುಳಿವಿಲ್ಲದಿದ್ದರೆ ಬಯಾಪ್ಸಿಯೂ ಬೇಡ. 2018ರಲ್ಲಿ ಟಫಾಮಿಡಿಸ್ ಔಷಧದ ಫಲಿತಾಂಶ ಬಂತು. 441 ರೋಗಿಗಳ ಆ ಪ್ರಯೋಗದಲ್ಲಿ 30 ತಿಂಗಳ ಅವಧಿಯ ಸಾವಿನ ಪ್ರಮಾಣ ಹುಸಿಗುಳಿಗೆ ಪಡೆದವರಲ್ಲಿ ಶೇ 42.9, ಔಷಧ ಪಡೆದವರಲ್ಲಿ ಶೇ 29.5. ಪ್ರೋಟೀನಿನ ನಾಲ್ಕು ತುಂಡುಗಳು ಕಳಚದಂತೆ ಅದು ಹಿಡಿದಿಡುತ್ತದೆ. ಆಗಲೇ ಸೇರಿದ ಹೂಳನ್ನು ಕರಗಿಸುವುದಿಲ್ಲ.

ಆದ್ದರಿಂದ ಬೇಗ ಗುರುತಿಸಬೇಕು. ಹಲವರಲ್ಲಿ ಹೃದಯ ಸೋಲುವುದಕ್ಕೆ ವರ್ಷಗಳ ಮೊದಲೇ ಎರಡೂ ಕೈಗಳಲ್ಲಿ ಕಾರ್ಪಲ್ ಟನೆಲ್ ತೊಂದರೆ (ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದು), ಬೆರಳುಗಳಲ್ಲಿ ಜೋಮು ಕಾಣಿಸಿಕೊಂಡಿರುತ್ತದೆ. ಜೋಮಿನ ಕಡತ ಮೂಳೆ ವೈದ್ಯರ ಬಳಿ, ಏದುಸಿರಿನ ಕಡತ ಹೃದ್ರೋಗ ತಜ್ಞರ ಬಳಿ.