ತುಕ್ಕಿನ ಸಿದ್ಧಾಂತ, ವಿಟಮಿನ್ ಮಾತ್ರೆ: ಎಪ್ಪತ್ತು ವರ್ಷಗಳ ಗೋಜಲು

ಅರವತ್ತು ದಾಟಿದವರ ಔಷಧ ಚೀಟಿಯಲ್ಲಿ ಬಿ.ಪಿ., ಶುಗರ್ ಮಾತ್ರೆಗಳ ಕೆಳಗೆ ಒಂದು ಸಾಲು ಹೆಚ್ಚುಕಡಿಮೆ ಕಾಯಂ: ಆಂಟಿಆಕ್ಸಿಡೆಂಟ್, ದಿನಕ್ಕೊಂದು, ಊಟದ ನಂತರ. ಅದು ಸಾಲದೆಂಬಂತೆ ರಜೆಗೆ ಬರುವ ಅಮೆರಿಕದ ಮಕ್ಕಳ ಸೂಟ್‌ಕೇಸಿನಲ್ಲಿ ವಿಟಮಿನ್ ‘ಇ’ ಬಾಟಲಿಯೂ ಬರುತ್ತದೆ. ಒಂದು ವಾರದ ಸುದ್ದಿ ಈ ಮಾತ್ರೆಗಳು ಜೀವಕೋಶದ ಮುಪ್ಪನ್ನು ತಡೆಯುತ್ತವೆ ಎಂದರೆ, ಇನ್ನೊಂದು ವಾರದ್ದು ಕ್ಯಾನ್ಸರ್ ತರುತ್ತವೆ ಎನ್ನುತ್ತದೆ. ಎರಡೂ ಸುದ್ದಿಗಳ ಹಿಂದೆ ನಿಜವಾದ ಅಧ್ಯಯನಗಳಿರುವುದೇ ತೊಡಕು.

ಮುಪ್ಪು ಕಳೆಯುವ ಲೇಹ್ಯದ ಆಸೆ ಚ್ಯವನ ಋಷಿಯಷ್ಟು ಹಳೆಯದು. ಅದಕ್ಕೆ ರಸಾಯನಶಾಸ್ತ್ರದ ಬೆಂಬಲ ಸಿಕ್ಕಂತೆ ಕಂಡದ್ದು 1950ರ ದಶಕದಲ್ಲಿ. ಡೆನ್‌ಹ್ಯಾಮ್ ಹಾರ್ಮನ್ ಮೊದಲು ಶೆಲ್ ತೈಲ ಕಂಪನಿಯಲ್ಲಿದ್ದ ರಸಾಯನಶಾಸ್ತ್ರಜ್ಞ. ಬಳಿಕ ವೈದ್ಯಕೀಯ ಓದಿ ಬರ್ಕ್ಲಿಯ ಪ್ರಯೋಗಾಲಯ ಸೇರಿದರು. ತೈಲದ ಕೆಲಸದಲ್ಲಿ ಪರಿಚಯವಾಗಿದ್ದ ಫ್ರೀ ರ‍್ಯಾಡಿಕಲ್‌ಗಳು, ಅಂದರೆ ಜೋಡಿ ತಪ್ಪಿದ ಎಲೆಕ್ಟ್ರಾನ್ ಹೊತ್ತ ಅಣುಗಳು, ಮನುಷ್ಯನ ದೇಹದಲ್ಲೂ ಹುಟ್ಟಿ ಅಕ್ಕಪಕ್ಕದ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತಿರಬಹುದು, ಆ ಹಾನಿ ವರ್ಷವರ್ಷಕ್ಕೂ ಪೇರುತ್ತ ಹೋಗುವುದೇ ಮುಪ್ಪಾಗಿರಬಹುದು ಎಂದು 1956ರಲ್ಲಿ ಬರೆದರು. ಆಗ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಇಂಥ ಒಂದು ರ‍್ಯಾಡಿಕಲ್ಲನ್ನು ನಿವಾರಿಸುವುದಕ್ಕೆಂದೇ ದೇಹದಲ್ಲಿ ಇರುವ ಕಿಣ್ವವನ್ನು ಗುರುತಿಸಿದ ಮೇಲೆ ಗಾಳಿ ತಿರುಗಿತು. ದೇಹ ಕಾವಲು ಇಟ್ಟಿದೆಯೆಂದರೆ ಕಳ್ಳನೂ ಇರಲೇಬೇಕಲ್ಲ! 1972ರಲ್ಲಿ ಹಾರ್ಮನ್ ಆ ಕಳ್ಳನ ಮನೆಯನ್ನೂ ತೋರಿಸಿದರು: ಜೀವಕೋಶಕ್ಕೆ ಶಕ್ತಿ ಉತ್ಪಾದಿಸಿ ಕೊಡುವ ಮೈಟೊಕಾಂಡ್ರಿಯಾ.

ಇನ್ನುಳಿದದ್ದು ಸರಳ ತರ್ಕ. ಕೋಶದ ಪೊರೆಯ ಕೊಬ್ಬಿನಲ್ಲಿ ನೆಲೆಸುವ ವಿಟಮಿನ್ ‘ಇ’ ತಾನೇ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಈ ಕಿತ್ತಾಟದ ಸರಪಳಿಯನ್ನು ತುಂಡರಿಸುತ್ತದೆ. ಹೀಗೆ ಮಾಡುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ವಿಟಮಿನ್ ‘ಸಿ’ ಅದನ್ನು ಮತ್ತೆ ಕೆಲಸಕ್ಕೆ ಸಜ್ಜುಗೊಳಿಸುತ್ತದೆ. ಪ್ರನಾಳದಲ್ಲಿ ಇದು ಅಚ್ಚುಕಟ್ಟಾಗಿ ನಡೆಯುತ್ತದೆ, ಇಂದಿಗೂ ಯಾರೂ ಅಲ್ಲಗಳೆದಿಲ್ಲ. ಹಾಗಾದರೆ ವಿಟಮಿನ್ ಹೆಚ್ಚಿಸಿದರೆ ಮುಪ್ಪು ನಿಧಾನವಾಗಬೇಕು.

ಜೀವಕೋಶದ ಮಟ್ಟದಲ್ಲಿ ಇದನ್ನು ನೇರವಾಗಿ ಪರೀಕ್ಷಿಸುವ ಅವಕಾಶ ಬೇಗನೆ ಒದಗಿತು. ಮನುಷ್ಯನ ಸಾಮಾನ್ಯ ಕೋಶಗಳು ಪ್ರಯೋಗಾಲಯದಲ್ಲಿ ಸುಮಾರು 50 ಬಾರಿ ಇಮ್ಮಡಿಗೊಂಡು ನಿಂತುಬಿಡುತ್ತವೆ ಎಂದು ಹೇಫ್ಲಿಕ್ ಮತ್ತು ಮೂರ್‌ಹೆಡ್ 1961ರಲ್ಲಿ ತೋರಿಸಿದ್ದರು. 1974ರಲ್ಲಿ ಪ್ಯಾಕರ್ ಮತ್ತು ಸ್ಮಿತ್ ಅಂಥ ಕೋಶಗಳಿಗೆ ವಿಟಮಿನ್ ‘ಇ’ ಬೆರೆಸಿದಾಗ ಅವು 100 ಇಮ್ಮಡಿಗಳನ್ನೂ ದಾಟಿದವೆಂದು ವರದಿ ಮಾಡಿದರು. ದೊಡ್ಡ ಸುದ್ದಿಯಾಯಿತು. ಮೂರು ವರ್ಷದ ಬಳಿಕ ಅವರೇ ಅದೇ ಪತ್ರಿಕೆಯಲ್ಲಿ ಇನ್ನೊಂದು ಪ್ರಬಂಧ ಬರೆದು, ಆ ಫಲಿತಾಂಶ ಮತ್ತೆ ಸಿಗಲಿಲ್ಲವೆಂದೂ ಆಗ ಕೋಶ ಬೆಳೆಸಲು ಬಳಸಿದ್ದ ಸೀರಮ್ (ರಕ್ತದ ದ್ರವಭಾಗ) ಬ್ಯಾಚಿನ ವಿಶೇಷ ಅದಕ್ಕೆ ಕಾರಣವಿರಬಹುದೆಂದೂ ತಿಳಿಸಿದರು. ಪ್ರಾಮಾಣಿಕ ನಡೆ. ಆದರೆ ಮೊದಲ ಪ್ರಬಂಧ ತಲುಪಿದಷ್ಟು ದೂರ ಎರಡನೆಯದು ತಲುಪಲಿಲ್ಲ. ಈ ಕಥೆಯಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ.

ನೊಬೆಲ್ ಪುರಸ್ಕೃತ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ವಿಟಮಿನ್ ‘ಸಿ’ಯನ್ನು ಗ್ರಾಂ ಲೆಕ್ಕದಲ್ಲಿ ನುಂಗಲು ಹೇಳಿದ್ದು, ‘ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ದೇಹಕ್ಕೂ’ ಎಂಬ ಮಾತು ಜಾಹೀರಾತಿಗೆ ಸೇರಿದ್ದು ಎಲ್ಲವೂ ಇದೇ ಆಸುಪಾಸಿನ ವರ್ಷಗಳಲ್ಲಿ ನಡೆಯಿತು. 1993ರಲ್ಲಿ ಅಮೆರಿಕದ ದಾದಿಯರು ಮತ್ತು ಪುರುಷ ಆರೋಗ್ಯ ವೃತ್ತಿಯವರು, ಒಟ್ಟು ಒಂದೂಕಾಲು ಲಕ್ಷ ಜನರನ್ನು ಗಮನಿಸಿದ ಎರಡು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ವಿಟಮಿನ್ ‘ಇ’ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೃದ್ರೋಗ ಎದ್ದು ಕಾಣುವಷ್ಟು ಕಡಿಮೆ ಎಂದವು. ಎಷ್ಟೋ ವೈದ್ಯರು ತಾವೇ ಮಾತ್ರೆ ಶುರು ಮಾಡಿದ್ದು ಆಗಲೇ.

ಅದೇ ಹೊತ್ತಿಗೆ ಫಿನ್ಲೆಂಡಿನಲ್ಲಿ ಒಂದು ಪ್ರಯೋಗ ಮುಗಿಯುತ್ತಿತ್ತು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1985ರಲ್ಲಿ ಆರಂಭವಾದ ಈ ಪ್ರಯೋಗಕ್ಕೆ ಆ ದೇಶದ ನೈಋತ್ಯ ಭಾಗದಲ್ಲಿ 50ರಿಂದ 69 ವರ್ಷದ 29,133 ಗಂಡಸರನ್ನು ಸೇರಿಸಿಕೊಂಡಿದ್ದರು. ಎಲ್ಲರೂ ಧೂಮಪಾನಿಗಳು. ಚೀಟಿ ಎತ್ತಿದಂತೆ ನಾಲ್ಕು ಗುಂಪು: ಒಂದಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ (ಗಜ್ಜರಿಗೆ ಬಣ್ಣ ಕೊಡುವ, ಆಂಟಿಆಕ್ಸಿಡೆಂಟ್ ಎನಿಸಿದ್ದ ವಸ್ತು), ಒಂದಕ್ಕೆ 50 ಮಿಲಿಗ್ರಾಂ ವಿಟಮಿನ್ ‘ಇ’, ಒಂದಕ್ಕೆ ಎರಡೂ, ಕೊನೆಯದಕ್ಕೆ ಏನೂ ಇಲ್ಲದ ಹುಸಿ ಮಾತ್ರೆ. ಐದರಿಂದ ಎಂಟು ವರ್ಷ ಹೀಗೆ ನಡೆಯಿತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆಂಬುದು ನಿರೀಕ್ಷೆ. 1994ರಲ್ಲಿ ಲೆಕ್ಕ ತೆಗೆದಾಗ ಅವರಲ್ಲಿ 474 ಪ್ರಕರಣ, ನುಂಗದವರಲ್ಲಿ 402. ಶೇ 18ರಷ್ಟು ಹೆಚ್ಚು. ಒಟ್ಟು ಸಾವುಗಳೂ ಶೇ 8ರಷ್ಟು ಹೆಚ್ಚು.

ನಂಬಲು ಯಾರಿಗೂ ಮನಸ್ಸಿರಲಿಲ್ಲ. ಇದು ಆಕಸ್ಮಿಕವೂ ಇರಬಹುದು ಎಂದು ಸಂಶೋಧಕರೇ ಪ್ರಬಂಧದಲ್ಲಿ ಬರೆದರು. ಆದರೆ ಅದೇ ಅಧ್ಯಯನದೊಳಗೆ ಇನ್ನೊಂದು ಲೆಕ್ಕ ಅಡಗಿತ್ತು. ಹುಸಿ ಮಾತ್ರೆಯ ಗುಂಪನ್ನಷ್ಟೇ ತೆಗೆದುಕೊಂಡರೆ, ಆರಂಭದಲ್ಲಿ ಯಾರ ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಹೆಚ್ಚಿತ್ತೋ ಅವರಿಗೆ ಕ್ಯಾನ್ಸರ್ ಕಡಿಮೆ ಬಂದಿತ್ತು. ಹಳೆಯ ಅಧ್ಯಯನಗಳು ಹೇಳುತ್ತಿದ್ದುದೂ ಇದನ್ನೇ. ಅಂದರೆ ಹಳೆಯ ಅಧ್ಯಯನಗಳು ಸುಳ್ಳು ಹೇಳಿರಲಿಲ್ಲ. ರಕ್ತದಲ್ಲಿರುವ ಕ್ಯಾರೊಟಿನ್ ಆ ಮನುಷ್ಯನ ತಟ್ಟೆಯಲ್ಲಿದ್ದ ಸೊಪ್ಪು, ಗಜ್ಜರಿ, ಅವನು ಸೇದುತ್ತಿದ್ದ ಸಿಗರೇಟುಗಳ ಎಣಿಕೆ, ಅವನ ಸಂಬಳ, ಶಿಸ್ತು ಇವೆಲ್ಲದರ ಗುರುತಾಗಿತ್ತು. ಗುರುತನ್ನೇ ಗುಳಿಗೆ ಮಾಡಿ ನುಂಗಿಸಿದ್ದು ಬೇರೆಯದೇ ಕೆಲಸ. ಈ ಗೋಜಲಿನಲ್ಲಿ ಓದುಗರು ಒಂದನ್ನೇ ನೆನಪಿಡುವುದಾದರೆ ಇದನ್ನು ಎಂದು ನನಗೆ ಅನ್ನಿಸುತ್ತದೆ.

1996ರ ಜನವರಿಯಲ್ಲಿ ಅಮೆರಿಕದ ಕ್ಯಾರೆಟ್ ಎಂಬ ಹೆಸರಿನ ಪ್ರಯೋಗವನ್ನು 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಧೂಮಪಾನಿಗಳು, ಧೂಮಪಾನ ಬಿಟ್ಟವರು ಮತ್ತು ಕಲ್ನಾರಿನ ಕೆಲಸ ಮಾಡಿದವರು ಸೇರಿ 18,314 ಜನ ಅದರಲ್ಲಿದ್ದರು. ಬೀಟಾ ಕ್ಯಾರೊಟಿನ್ ಮತ್ತು ವಿಟಮಿನ್ ‘ಎ’ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 28ರಷ್ಟು ಹೆಚ್ಚಾಗಿತ್ತು. ಆಕಸ್ಮಿಕವೆಂಬ ಸಮಾಧಾನ ಅಲ್ಲಿಗೆ ಮುಗಿಯಿತು. ಇವೆರಡರ ನಡುವೆ, ಫಿನ್ಲೆಂಡಿನ ಫಲಿತಾಂಶ ಬಂದ ವರ್ಷವೇ, ಪೂರಕ ಆಹಾರಗಳನ್ನು ಪರಿಣಾಮದ ಪುರಾವೆ ಕೊಡದೆ ಮಾರುಕಟ್ಟೆಗೆ ತರಲು ಅವಕಾಶ ಕೊಡುವ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದಿತ್ತು. ವಿಜ್ಞಾನ ಹಿಂದೆ ಸರಿಯುತ್ತಿದ್ದಾಗ ವ್ಯಾಪಾರಕ್ಕೆ ಹೆದ್ದಾರಿ ತೆರೆಯಿತು.

ಫಿನ್ಲೆಂಡಿನಲ್ಲಿ ವಿಟಮಿನ್ ‘ಇ’ ಪಡೆದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಬಂದಿತ್ತು. ಆ ಎಳೆ ಹಿಡಿದು 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆಸಿದ ಸೆಲೆಕ್ಟ್ ಪ್ರಯೋಗ 2008ರಲ್ಲಿ ನಿಂತಿತು. 2011ರ ಲೆಕ್ಕದಲ್ಲಿ ವಿಟಮಿನ್ ‘ಇ’ ಮಾತ್ರ ಪಡೆದವರಲ್ಲಿ ಆ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು. ಬ್ರಿಟನ್ನಿನಲ್ಲಿ 20,536 ಜನರಿಗೆ ಐದು ವರ್ಷ ‘ಇ’, ‘ಸಿ’, ಬೀಟಾ ಕ್ಯಾರೊಟಿನ್ ಮೂರನ್ನೂ ಕೊಟ್ಟು ನೋಡಿದರು. ರಕ್ತದಲ್ಲಿ ವಿಟಮಿನ್ ‘ಇ’ ದುಪ್ಪಟ್ಟಾಯಿತು. ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್, ಸಾವು ಯಾವುದರಲ್ಲೂ ವ್ಯತ್ಯಾಸವಿಲ್ಲ. 2007ರಲ್ಲಿ 68 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ, ಗುಣಮಟ್ಟದ ಪ್ರಯೋಗಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಬೀಟಾ ಕ್ಯಾರೊಟಿನ್, ‘ಎ’ ಮತ್ತು ‘ಇ’ ಸಾವಿನ ಪ್ರಮಾಣವನ್ನು ಸ್ವಲ್ಪ ಏರಿಸುತ್ತವೆ ಎಂದಿತು. ರೋಗಿಗಳನ್ನೂ ಆರೋಗ್ಯವಂತರನ್ನೂ ಬೆರೆಸಿದ ಲೆಕ್ಕ ಅದು ಎಂಬ ಆಕ್ಷೇಪವೂ ಬಂತು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ಒಟ್ಟು ಲೆಕ್ಕದಲ್ಲಿ ಆಯಸ್ಸಿಗೆ ಲಾಭವಂತೂ ಕಾಣಲಿಲ್ಲ.

ತರ್ಕ ಎಲ್ಲಿ ತಪ್ಪಿತು? ರ‍್ಯಾಡಿಕಲ್‌ಗಳು ಕಳ್ಳರು ಮಾತ್ರವಲ್ಲ, ಸುದ್ದಿ ಒಯ್ಯುವವರೂ ಹೌದು ಎಂಬುದು ಈಗಿನ ತಿಳಿವಳಿಕೆ. ಬಿಳಿ ರಕ್ತಕಣ ರೋಗಾಣುವನ್ನು ಕೊಲ್ಲುವುದೇ ಇವುಗಳಿಂದ. ವ್ಯಾಯಾಮದ ಹೊತ್ತಿನಲ್ಲಿ ಇವು ಏರುವುದನ್ನು ಕಂಡೇ ಸ್ನಾಯು ತನ್ನ ರಕ್ಷಣೆಯನ್ನು ಬಲಪಡಿಸಿಕೊಳ್ಳುತ್ತದೆ. 2009ರಲ್ಲಿ ಯುವಕರ ಮೇಲೆ ನಡೆದ ಒಂದು ಜರ್ಮನ್ ಪ್ರಯೋಗದಲ್ಲಿ ವಿಟಮಿನ್ ‘ಸಿ’ ಮತ್ತು ‘ಇ’ ನುಂಗಿ ವ್ಯಾಯಾಮ ಮಾಡಿದವರಿಗೆ ಇನ್ಸುಲಿನ್ ವಿಷಯದಲ್ಲಿ ಆಗಬೇಕಾದ ಲಾಭ ಆಗಲಿಲ್ಲ, ನುಂಗದವರಿಗೆ ಆಯಿತು. ಇತ್ತ ಬೋಳು ಮೈಯ ಆಫ್ರಿಕನ್ ಬಿಲದ ಇಲಿ ಎಳವೆಯಲ್ಲೇ ಇಂಥ ಹಾನಿಯನ್ನು ಮೈತುಂಬ ಹೊತ್ತುಕೊಂಡೇ 30 ವರ್ಷ ಬದುಕುತ್ತದೆ. ಹಾನಿಯಿದೆ ಎಂದಮಾತ್ರಕ್ಕೆ ಅದೇ ಮುಪ್ಪಿನ ಕಾರಣ ಎನ್ನುವ ಹಾಗಿಲ್ಲ.

ಇಷ್ಟೆಲ್ಲದರ ನಡುವೆ ಗಟ್ಟಿಯಾಗಿ ಉಳಿದ ಒಂದು ಪ್ರಯೋಜನ ಕಣ್ಣಿನದು. ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ ಮಧ್ಯಮ ಹಂತದಲ್ಲಿದ್ದವರಿಗೆ ವಿಟಮಿನ್ ‘ಸಿ’, ‘ಇ’, ಬೀಟಾ ಕ್ಯಾರೊಟಿನ್, ಸತು ಸೇರಿದ ಮಿಶ್ರಣ ಕೊಟ್ಟಾಗ ಅದು ತೀವ್ರ ಹಂತಕ್ಕೆ ಹೋಗುವ ಸಾಧ್ಯತೆ ಸುಮಾರು ಶೇ 25ರಷ್ಟು ತಗ್ಗಿತೆಂದು 2001ರ ಅಮೆರಿಕದ ಪ್ರಯೋಗ ತೋರಿಸಿತು. 2013ರಲ್ಲಿ ಬೀಟಾ ಕ್ಯಾರೊಟಿನ್ ತೆಗೆದು ಲ್ಯೂಟಿನ್ ಮತ್ತು ಝಿಯಾಝ್ಯಾಂಥಿನ್ ಸೇರಿಸಿದರು. ಲ್ಯೂಟಿನ್ ತೆಗೆಯುವುದು ಬಹುಮಟ್ಟಿಗೆ ಚೆಂಡು ಹೂವಿನಿಂದ. ಓಣಂಗೆ ಮೊದಲು ಕೇರಳದವರು ಬಂದು ಫೋಟೊ ತೆಗೆಸಿಕೊಳ್ಳುವ ಗುಂಡ್ಲುಪೇಟೆಯ ಚೆಂಡು ಹೂವಿನ ಹೊಲಗಳಿವೆಯಲ್ಲ, ಅಲ್ಲಿನ ಬೆಳೆಯಲ್ಲಿ ದೊಡ್ಡ ಪಾಲು ದೇವರ ಮುಡಿಗಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಆದರೆ ಈ ಮಾತ್ರೆ ಕಾಯಿಲೆ ಇರುವವರಿಗೆ. ಕಣ್ಣು ಚೆನ್ನಾಗಿರುವವರಿಗೆ ಮುಂಜಾಗ್ರತೆಯಾಗಿ ಕೆಲಸ ಮಾಡುತ್ತದೆಂದು ಯಾರೂ ತೋರಿಸಿಲ್ಲ.

ಹೊಸ ಅಲೆ ಟೆಲೊಮಿಯರ್‌ಗಳದು. ವರ್ಣತಂತುಗಳ ತುದಿಯ ಈ ಕವಚ ಕೋಶ ಒಡೆದಾಗಲೆಲ್ಲ ಸವೆಯುತ್ತದೆ. ಫ್ರೀ ರ‍್ಯಾಡಿಕಲ್‌ಗಳ ಹಾವಳಿ ಹೆಚ್ಚಿದ್ದರೆ ಬೇಗ ಸವೆಯುತ್ತದೆ. ಹಾಗಾಗಿ ಆಂಟಿಆಕ್ಸಿಡೆಂಟ್ ಲೇಬಲ್ಲುಗಳು ಈಗ ತುಕ್ಕು ಬಿಟ್ಟು ಟೆಲೊಮಿಯರ್ ಹಿಡಿದಿವೆ. 2025ರಲ್ಲಿ ಸುದ್ದಿಯಾದದ್ದು ವಿಟಮಿನ್ ‘ಡಿ’: ನಾಲ್ಕು ವರ್ಷ ತೆಗೆದುಕೊಂಡ ಹಿರಿಯರಲ್ಲಿ ಸವೆತ ಕಡಿಮೆಯಿತ್ತು. ಇದು ಯಾವ ದೊಡ್ಡ ಪ್ರಯೋಗದ ಭಾಗವೋ ಅದರ ಮುಖ್ಯ ಫಲಿತಾಂಶ 2019ರಲ್ಲೇ ಬಂದಿತ್ತು. ಅಲ್ಲಿ ಹೊಸ ಕ್ಯಾನ್ಸರ್ ಪ್ರಕರಣಗಳಾಗಲಿ, ಹೃದಯಾಘಾತವಾಗಲಿ, ಒಟ್ಟು ಸಾವುಗಳಾಗಲಿ ಕಡಿಮೆಯಾಗಿರಲಿಲ್ಲ. ಮತ್ತೆ ಗುರುತು ಒಂದು ಹೇಳುತ್ತದೆ, ಆಯಸ್ಸು ಇನ್ನೊಂದು.

ಕ್ಯಾನ್ಸರ್, ಹೃದ್ರೋಗ ತಡೆಯಲೆಂದು ಬೀಟಾ ಕ್ಯಾರೊಟಿನ್ ಅಥವಾ ವಿಟಮಿನ್ ‘ಇ’ ಮಾತ್ರೆ ಬೇಡವೆಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಸ್ಪಷ್ಟವಾಗಿ ಹೇಳಿತು. ವಯಸ್ಕರಿಗೆ ದಿನಕ್ಕೆ ಸುಮಾರು 15 ಮಿಲಿಗ್ರಾಂ ವಿಟಮಿನ್ ‘ಇ’ ಸಾಕೆನ್ನುವುದು ಅಲ್ಲಿನ ಶಿಫಾರಸು. ನಮ್ಮ ಔಷಧದಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವ ಹಸಿರು ಕ್ಯಾಪ್ಸೂಲಿನಲ್ಲಿ ಇರುವುದು 400. ಅದನ್ನು ಸೂಜಿಯಿಂದ ಚುಚ್ಚಿ ಎಣ್ಣೆಯನ್ನು ಮುಖಕ್ಕೆ ಹಚ್ಚಿಕೊಳ್ಳುವವರ ಗೋಜಿಗೆ ಹೋಗುವುದು ಬೇಡ. ನುಂಗುವವರು ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧದ ಮೇಲಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸೂಟ್‌ಕೇಸಿನಲ್ಲಿ ಬಂದ ಬಾಟಲಿಯ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಇರುವುದಿಲ್ಲವಾದ್ದರಿಂದ, ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ‘ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ’ ಎಂದು ಕೇಳಿದಾಗ ಅದನ್ನೂ ಹೇಳಬೇಕು.