ಬೆಲ್ಲದ ಒತ್ತು ಎಷ್ಟು ದೂರಕ್ಕೆ ಕಾಣ್ತದೆ?

ಮಂಡ್ಯದ ಹತ್ರ ಹಳೇ ಮೈಸೂರು ರೋಡಲ್ಲಿ ನಮ್ಮ ಚಿಕ್ಕಪ್ಪಂದು ಬೆಲ್ಲದ ಅಂಗಡಿ, ಹಿಂದೆನೇ ಆಲೆಮನೆ, ಅಚ್ಚು ಬೆಲ್ಲ ಉಂಡೆ ಬೆಲ್ಲ ಎರಡೂ ಅಲ್ಲೇ ಮಾಡಿ ಮಾರ್ತಾರೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾಗಿ ದೂರದ ಗಾಡಿಗಳೆಲ್ಲ ಬೈಪಾಸ್ ಹಿಡಿದ್ಮೇಲೆ ಹಳೇ ರೋಡಲ್ಲಿ ಬರೋ ಒಬ್ಬೊಬ್ಬ ಗಿರಾಕಿನೂ ಬೇಕು, ಅದಕ್ಕೇ ಅಂಗಡಿ ಮೇಲೆ 10 ಅಡಿ ಉದ್ದದ ಬೋರ್ಡ್ ಹಾಕ್ಸಿದ್ರು. ಆದ್ರೂ ಬೈಕಲ್ಲಿ ಬರೋರು ಅಂಗಡಿ ದಾಟಿ ಹೋಗಿ ಆಮೇಲೆ ತಿರುಗಿ ನೋಡೋರು. "ಹತ್ತಡಿ ಬೋರ್ಡ್ ಕಣ್ಲಾ, ಇದೂ ಕಾಣಕ್ಕಿಲ್ಲ ಅಂದ್ರೆ ಏನ್ ಮಾಡದು" ಅಂತ ಚಿಕ್ಕಪ್ಪ ಬೇಜಾರ್ ಮಾಡ್ಕೊಂಡಿದ್ರು.

ತಪ್ಪಿದ್ದಿದ್ದು ಮೊದ್ಲು ಕೋನದಲ್ಲಿ. ಬೋರ್ಡ್ ರೋಡಿಗೆ ಸಮಾನಾಂತರವಾಗಿ ಗೋಡೆ ಮೇಲಿದೆ, ಅಂದ್ರೆ ರೋಡಿನ ಆಚೆ ಬದಿ ನಿಂತೋರಿಗೆ ಅದು ಪೂರ್ತಿ ಕಾಣ್ತದೆ, ಆದ್ರೆ 50 ಮೀಟರ್ ಹಿಂದೆ ಬರ್ತಿರೋ ಬೈಕ್‌ನೋನಿಗೆ ಬೋರ್ಡ್ 5 ಮೀಟರ್ ಮಾತ್ರ ಪಕ್ಕದಲ್ಲಿದ್ರೆ ಅವನು ಅದನ್ನ ಸುಮಾರು 6 ಡಿಗ್ರಿ ಓರೆಯಲ್ಲಿ ನೋಡ್ತಿರ್ತಾನೆ, ಆಗ ಅಗಲ ಹತ್ತನೇ ಒಂದು ಪಾಲಿಗೆ ಕುಗ್ಗಿ 10 ಅಡಿ ಬೋರ್ಡ್ 1 ಅಡಿ ಪಟ್ಟಿ ತರ ಆಗ್ತದೆ. ಹತ್ರ ಬಂದಂಗೆ ಬಿಚ್ಕೊಳ್ತದೆ ನಿಜ, ಆದ್ರೆ 40 ಕಿಲೋಮೀಟರ್ ಸ್ಪೀಡ್ ಅಂದ್ರೆ ಸೆಕೆಂಡಿಗೆ 11 ಮೀಟರ್, ಕೊನೇ 5 ಮೀಟರ್‌ಗೆ ಅರ್ಧ ಸೆಕೆಂಡೂ ಸಿಗಲ್ಲ. ಹಂಗಾಗಿ ಬರೋರ ಮುಖಕ್ಕೆ ನೇರವಾಗಿ, ರೋಡಿಗೆ ಅಡ್ಡಡ್ಡ ನಿಲ್ಲೋ 3 ಅಡಿ ಬೋರ್ಡೇ ಆ 10 ಅಡಿಗಿಂತ ಮೇಲು, ಎರಡೂ ಕಡೆ ಬರೆಸಿ, ನಮ್ಮ ಜಾಗದೊಳಗೇ ನಿಲ್ಲಿಸಿ.

ಇನ್ನು ಅಕ್ಷರ. ಕಣ್ಣಿನ ಡಾಕ್ಟ್ರ ಹತ್ರ ಗೋಡೆ ಮೇಲಿರೋ ಚಾರ್ಟ್ ನೋಡಿದ್ದೀರಲ್ಲ, ಅದನ್ನ 1862ರಲ್ಲಿ ಡಚ್ ವೈದ್ಯ ಹರ್ಮನ್ ಸ್ನೆಲ್ಲೆನ್ ಮಾಡಿದ್ದು. ಚೆನ್ನಾಗಿರೋ ಕಣ್ಣು ಬೇರ್ಪಡಿಸಿ ನೋಡಬಲ್ಲ ಸಣ್ಣ ಸಂದು ಒಂದು ಡಿಗ್ರಿಯ 60ನೇ ಪಾಲು ಅನ್ನೋದು ಅದರ ಆಧಾರ, ಪಂಚಾಂಗದೋರು ಕಲೆ ಅಂತಾರಲ್ಲ ಅದೇ ಅಳತೆ. ಹುಣ್ಣಿಮೆ ಚಂದ್ರನ ಅಗಲನ ಸುಮಾರು 30 ಪಾಲು ಮಾಡಿದ್ರೆ ಅದ್ರಲ್ಲಿ ಒಂದು ಪಾಲು. 50 ಮೀಟರ್ ದೂರದಲ್ಲಿ ಇದು ಹತ್ತಿರ ಹತ್ತಿರ 15 ಮಿಲಿಮೀಟರ್ ಆಗ್ತದೆ. ಚಾರ್ಟಿನ ಅಕ್ಷರದ ಎತ್ತರ ಇಂಥ 5 ಪಾಲು, ಅಂದ್ರೆ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ 3 ಇಂಚಿದ್ರೆ ಅಷ್ಟು ದೂರದಿಂದ ಕಷ್ಟಪಟ್ಟು ಓದಬಹುದು.

ಆದ್ರೆ ಕನ್ನಡಕ್ಕೆ ಈ ಲೆಕ್ಕ ಹಂಗೇ ಹೊಂದಲ್ಲ, ಬೋರ್ಡ್ ಮಾಡೋರು ಬಹಳ ಜನ ಇದನ್ನ ಗಮನಿಸಲ್ಲ ಅನ್ನೋದು ನಂಗೆ ನಿಜಕ್ಕೂ ನೋವು. ನಮ್ಮ ಲಿಪಿಲಿ ಅರ್ಥ ನಿಂತಿರೋದು ಸಣ್ಣ ಸಣ್ಣ ಭಾಗದಲ್ಲಿ. ದನ ಧನ ಆಗೋದು ಕೆಳಗಿನ ಒಂದು ಪುಟ್ಟ ಸೀಳಿಂದ. ಬೆಲ್ಲ ಅನ್ನೋ ಪದದಲ್ಲಿ ಲಕಾರದ ಒತ್ತು ಮೂಲಾಕ್ಷರದ ಅರ್ಧ ಇರ್ತದೆ ಅಂದ್ಕೊಳ್ಳಿ, ಆ ಒತ್ತಿಗೇ 3 ಇಂಚು ಬೇಕಲ್ಲ, ಆಗ ಮೇಲಿನ ಅಕ್ಷರ 6 ಇಂಚು ಆಗ್ಬೇಕು. ಅದೂ ಕಣ್ಣು ಕಿರಿದು ಮಾಡಿ ಓದೋ ಮಟ್ಟ. ಬೈಕ್ ಮೇಲೆ ಅಲ್ಲಾಡ್ತಾ ಒಂದೇ ನೋಟಕ್ಕೆ ಸಿಗಬೇಕು ಅಂದ್ರೆ ಅದರ ಎರಡರಷ್ಟು, ಒಂದು ಅಡಿ, ಒತ್ತು ಅರ್ಧ ಅಡಿ. ದಪ್ಪ ಇದ್ರೆ ಚೆನ್ನಾಗಿ ಕಾಣ್ತದೆ ಅಂತ ಅಕ್ಷರನ ಉಬ್ಬಿಸಿದ್ರೆ ಸೀಳು ಸಂದು ಎಲ್ಲ ಮುಚ್ಕೊಂಡು ದೂರಕ್ಕೆ ಬರೀ ಉಂಡೆ. ಲೈಟ್ ಹಾಕಿರೋ ಅಕ್ಷರಕ್ಕಂತೂ ಗೆರೆ ಇನ್ನೂ ತೆಳ್ಳಗಿರ್ಬೇಕು, ಕತ್ತಲಲ್ಲಿ ಬೆಳಕು ಸುತ್ತ ಹರಡಿ ಗೆರೆ ದಪ್ಪ ಕಾಣ್ತದೆ.

ಬಣ್ಣದಲ್ಲಿ ಚಿಕ್ಕಪ್ಪ ಹಸಿರು ಕಬ್ಬಿನ ಗದ್ದೆ ಫೋಟೋ ಮೇಲೆ ಕೆಂಪು ಅಕ್ಷರ ಬರೆಸಿದ್ರು. ಓದೋಕೆ ಬೇಕಿರೋದು ಬಣ್ಣದ ವ್ಯತ್ಯಾಸಕ್ಕಿಂತ ಹೊಳಪಿನ ವ್ಯತ್ಯಾಸ. ಬೋರ್ಡ್ ಫೋಟೋ ತೆಗೆದು ಮೊಬೈಲಲ್ಲೇ ಬ್ಲಾಕ್ ಅಂಡ್ ವೈಟ್ ಮಾಡಿ ನೋಡಿ, ಗಾಢ ಹಸಿರಿನ ಮೇಲಿನ ಕೆಂಪು ಪೂರ್ತಿ ಬೂದಿಲಿ ಮುಳುಗ್ತದೆ. ಮುಸ್ಸಂಜೆಲಿ ಇನ್ನೊಂದು ತೊಂದರೆ, ಬೆಳಕು ಕಮ್ಮಿಯಾದಂಗೆ ಕಣ್ಣು ಕೆಂಪಿಗೆ ಮಂಕಾಗ್ತಾ ನೀಲಿ ಹಸಿರಿಗೆ ಚುರುಕಾಗ್ತದೆ, ಪುರ್ಕಿಂಯೆ ಅನ್ನೋ ಚೆಕ್ ವಿಜ್ಞಾನಿ 19ನೇ ಶತಮಾನದ ಮೊದಲ ಭಾಗದಲ್ಲೇ ಇದನ್ನ ಗುರುತಿಸಿದ್ರು. ಕೆಂಪು ಕಪ್ಪಾಗ್ತಾ ಹೋಗೋದ್ರಿಂದ ಕಪ್ಪು ಹಿನ್ನೆಲೆ ಮೇಲಿದ್ರೆ ಕಾಣೆಯಾಗ್ತದೆ, ಹಳದಿ ಮೇಲಿದ್ರೆ ಎದ್ದು ಕಾಣ್ತದೆ. ನಮ್ಮ ಕನ್ನಡ ಬಾವುಟದ ಅರಿಶಿನ ಕುಂಕುಮ ಬೋರ್ಡಿಗೂ ಒಳ್ಳೇ ಜೋಡಿ ಅಂತ ಗೊತ್ತಾದಾಗ ನಂಗೆ ಖುಷಿ ಆಯ್ತು.

ದೇವರ ಹೆಸರು, ಮೂರು ಫೋನ್ ನಂಬರ್, ಪ್ರೊಪ್ರೈಟರ್ ಹೆಸರು, ಅದೆಲ್ಲ ಗೋಡೆ ಮೇಲಿನ ಹಳೇ ಬೋರ್ಡಲ್ಲೇ ಇರ್ಲಿ ಅಂತ ಬಿಟ್ವಿ, ಅಂಗಡಿ ಮುಂದೆ ನಿಂತೋರು ಓದ್ಕೊಳ್ತಾರೆ. ಹೊಸದಕ್ಕೆ ಒಂದೇ ಪದ. ಪೇಂಟ್ ಮಾಡ್ಸೋ ಮುಂಚೆ ರಟ್ಟಿನ ಡಬ್ಬ ಕತ್ತರಿಸಿ 6 ಇಂಚಿಂದೊಂದು, 1 ಅಡಿದೊಂದು ಬೆಲ್ಲ ಬರೆದು, ಸಂಜೆ ಆರೂವರೆಗೆ ಚಿಕ್ಕಪ್ಪನ್ನ 50 ಮೀಟರ್ ಆಚೆ ಹುಣಸೆ ಮರದ ಹತ್ರ ನಿಲ್ಲಿಸ್ದೆ. ಮೊದಲನೇದು ತೋರ್ಸಿದ್ರೆ "ಬೆಲ" ಅಂದ್ರು. ಎರಡನೇದು ಎತ್ತಿದ ತಕ್ಷಣ ಅಲ್ಲಿಂದಲೇ "ಬೆಲ್ಲ" ಅಂತ ಕೂಗಿದ್ರು, ಒತ್ತಿನ ಮೇಲೆ ಒತ್ತು ಕೊಟ್ಟು.